ಔಷಧಿ ಅಂಕಯ್ಯನೂ ಮನೆಸಾಲೂ

ಮಳವಳ್ಳಿಯಿಂದ ಮುತ್ತತ್ತಿಯ ಕಡೆ ಹೋಗುವ ದಾರಿಯ ಊರುಗಳಲ್ಲಿ ಬರಿ ಅಂಕಯ್ಯ ಎಂದು ಕೇಳಿದರೆ ಯಾವ ಅಂಕಯ್ಯ ಎನ್ನುತ್ತಾರೆ. ಔಸ್ದಿ ಅಂಕಯ್ಯ ಎಂದರೆ ಚಿಕ್ಕ ಮಕ್ಕಳೂ ಮನೆ ತೋರಿಸುತ್ತವೆ, ತೋರಿಸುವಾಗಲೇ ಮೂಗು ಮುಚ್ಚಿಕೊಳ್ಳುತ್ತವೆ. ಬೆನ್ನಿಗೆ ಔಷಧಿಯ ಕ್ಯಾನು, ಕೈಯಲ್ಲಿ ಅದನ್ನು ಚಿಮ್ಮಿಸುವ ಕೋಲು, ಕಣ್ಣಷ್ಟು ಬಿಟ್ಟು ಮುಖಕ್ಕೆಲ್ಲ ಸುತ್ತಿದ ಟವೆಲು. ಕೈಬೆರಳಿನ ಚರ್ಮ ಸುಲಿದು ಸುಲಿದು ರೇಖೆಯೇ ಉಳಿದಿಲ್ಲ. ರೇಷನ್ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ಅದು ಇವನನ್ನು ಮನುಷ್ಯನೆಂದೇ ಒಪ್ಪುವುದಿಲ್ಲ. ಬಾಯಿಗೆ ರುಚಿಯಿಲ್ಲ, ಮೂಗಿಗೆ ವಾಸನೆಯಿಲ್ಲ, ಉಪ್ಪು ಮರೆತ ಸಾರನ್ನೂ ಸುರಿದುಕೊಂಡು ಉಂಡು ಎದ್ದುಹೋಗುತ್ತಾನೆ. ನಾಲಿಗೆಯಲ್ಲಿ ಉಳಿದಿದ್ದ ಖಾರವೆಲ್ಲ ಮಾತಿನದು.

ಅವನನ್ನು ಕರೆಸುವುದು ಹೆಚ್ಚಾಗಿ ಒಂದೇ ಜೀವವನ್ನು ಕೊಲ್ಲಲು, ಬದನೆಕಾಯಿಯ ಹುಳವನ್ನು. ಅದರ ತಾಯಿ ಒಂದು ಪುಟ್ಟ ಬಿಳಿ ಪತಂಗ, ರೆಕ್ಕೆಯ ಮೇಲೆ ಅಲ್ಲಲ್ಲಿ ಕಂದು ಮಚ್ಚೆ. ನೋಡಿದರೆ ಅಯ್ಯೋ ಪಾಪ ಎನ್ನಬೇಕು, ಹಾಗಿರುತ್ತದೆ. ಕತ್ತಲಾದ ಮೇಲೆ ಬಂದು ಗಿಡದ ಮೇಲೆ ಮೊಟ್ಟೆಯಿಟ್ಟು ಹೋಗುತ್ತದೆ. ಮೊಟ್ಟೆಯೊಡೆದ ಮರಿ ಮೊದಲು ಸುಳಿಗೆ ನುಗ್ಗುತ್ತದೆ, ಸುಳಿ ಬಾಡಿ ಜೋತುಬೀಳುತ್ತದೆ. ಕಾಯಿ ಬಿಟ್ಟರೆ ತೊಟ್ಟಿನ ಕೆಳಗೆ ಸೂಜಿಮೊನೆಯಷ್ಟು ತೂತು ಮಾಡಿ ಒಳಗೆ ಹೊಕ್ಕು, ತನ್ನ ಹಿಕ್ಕೆಯಿಂದಲೇ ಆ ತೂತನ್ನು ಮುಚ್ಚಿಕೊಂಡುಬಿಡುತ್ತದೆ. ಮೇಲೆ ನೋಡಿದರೆ ಕಾಯಿ ಮಿರಮಿರ ಹೊಳೆಯುತ್ತಿರುತ್ತದೆ, ಒಳಗೆ ತಿಳಿಗೆಂಪು ಹುಳ ಹಾಯಾಗಿ ಮೇಯುತ್ತಿರುತ್ತದೆ. ಕೃಷಿ ಇಲಾಖೆಯವರು ಅದನ್ನು ಕಾಯಿಕೊರಕ ಎನ್ನುತ್ತಾರೆ, ಅಂಕಯ್ಯ ಬಡ್ಡೆತ್ತದ್ದು ಎನ್ನುತ್ತಾನೆ. ಒಮ್ಮೆ ಒಳಗೆ ಹೊಕ್ಕರೆ ಅದಕ್ಕೆ ಯಾವ ಔಷಧಿಯೂ ತಾಗುವುದಿಲ್ಲ, ಆದ್ದರಿಂದ ಹೊಗುವ ಮೊದಲೇ ಸಾಯಿಸಬೇಕು. ಅದಕ್ಕೇ ಮತ್ತೆ ಮತ್ತೆ ಹೊಡೆಸುತ್ತಾರೆ. ಬದನೆಗೆ ಒಳ್ಳೆಯ ಬೆಲೆ ಬಂದಾಗಲಂತೂ ಇವತ್ತು ಔಷಧಿ, ನಾಳೆ ಕೊಯ್ಲು, ನಾಡಿದ್ದು ಯಾರದೋ ಪೇಟೆಯ ಮನೆಯ ಬಾಣಲೆ.

ಹಾಗಂತ ಬೆಳೆದವರು ಅದನ್ನೇ ತಿನ್ನುತ್ತಾರೆಯೇ? ಅಷ್ಟು ದಡ್ಡರು ಯಾರೂ ಇಲ್ಲ. ಪ್ರತಿ ಬದನೆ ಹೊಲದ ಅಂಚಿನಲ್ಲೂ ಒಂದು ಸಾಲು ಬೇರೆ ಇರುತ್ತದೆ. ಮಾರುವುದು ದುಂಡನೆಯ ನೇರಳೆ ಬದನೆ, ಈ ಸಾಲಿನಲ್ಲಿ ಹಸಿರು ಮೈಗೆ ಬಿಳಿ ಪಟ್ಟೆಯ ನಾಟಿ ಬದನೆ. ಅದನ್ನು ಮನೆಸಾಲು ಎನ್ನುತ್ತಾರೆ. ಅದಕ್ಕೆ ಔಷಧಿ ಮುಟ್ಟಿಸುವುದಿಲ್ಲ. ಅರ್ಧಕ್ಕರ್ಧ ಹುಳಕಲು ಕಾಯಿಯೇ ಇರಲಿ, ಹುಳ ಇರುವ ಕಡೆ ಕೊಯ್ದು ಬಿಸಾಡಿ ಉಳಿದದ್ದನ್ನು ಸಾರಿಗೆ ಹಾಕುತ್ತಾರೆ. ಪೇಟೆಯವರು ಹುಳ ಕಂಡರೆ ಕಿರುಚುತ್ತಾರೆ, ಅವರಿಗೆ ಹುಳವಿಲ್ಲದ್ದನ್ನೇ ಕೊಡೋಣ ಎಂದು ನಗುತ್ತಾರೆ. ಅಂಕಯ್ಯನೂ ಅವರ ಜೊತೆ ನಗುತ್ತಿದ್ದ. ಯಾವ ಹೊಲದಲ್ಲಿ ಮನೆಸಾಲು ಎಲ್ಲಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದರ ಹತ್ತಿರ ಬಂದರೆ ಅವನ ಕೈ ತಾನಾಗಿಯೇ ಕೋಲಿನ ಗುಂಡಿಯನ್ನು ಬಿಟ್ಟುಬಿಡುತ್ತಿತ್ತು.

ಅಂಕಯ್ಯ ಒಳ್ಳೆಯವನೇನಲ್ಲ. ಅವನ ಅಪ್ಪ ದೊಡ್ಡಸಿದ್ದಯ್ಯ ಗಿಡಕ್ಕೆ ಒಲೆಯ ಬೂದಿ ಎರಚಿ ಹುಳ ಓಡಿಸುತ್ತೇನೆ ಎಂದು ಕೂತಿದ್ದವನು. ಮಗ ಅವನನ್ನು ಹತ್ತು ಜನರ ಮುಂದೆ ಆಡಿಕೊಂಡೇ ದೊಡ್ಡವನಾದ. ಹೊಲದ ಬದುವಿನಲ್ಲಿ ಮಕ್ಕಳು ಸೇರಿದರೆ ಒಂದು ಕಾಯಿ ಸೀಳಿ, ಹುಳವನ್ನು ಉಗುರಿನಲ್ಲಿ ಎತ್ತಿ, ಔಷಧಿಯ ಮುಚ್ಚಳದೊಳಕ್ಕೆ ಬಿಟ್ಟು, ಅದು ಸುತ್ತಿಕೊಂಡು ಬಿಚ್ಚಿಕೊಂಡು ಸಾಯುವುದನ್ನು ತೋರಿಸುತ್ತಿದ್ದ. ನೋಡ್ರುಲಾ ಕುಣಿತವ, ಎನ್ನುತ್ತಿದ್ದ. ಹೆಂಡತಿ ಮಂಚಮ್ಮ ಕೆಂಪರಾಜು ಗೌಡನ ಹೊಲದಲ್ಲಿ ಕಾಯಿ ಕೀಳುವ, ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಆರಿಸಿ ಬಿಟ್ಟ ಹುಳಕಲು ಕಾಯಿಯನ್ನು ಕೆಲಸದವರು ಮನೆಗೆ ಒಯ್ಯುವುದು ಅಲ್ಲಿಯ ರೂಢಿ. ಮದುವೆಯಾದ ಹೊಸದರಲ್ಲಿ ಅವಳು ಒಂದು ಬುಟ್ಟಿ ತಂದದ್ದನ್ನು ಅಂಕಯ್ಯ ಕಾಲಿನಿಂದ ಒದ್ದು ಬೀದಿಗೆ ಚೆಲ್ಲಿದ್ದ. "ಗೌಡ್ರ ಎಂಜ್ಲು ಉಳನೆಲ್ಲ ನನ್ ಮನೆ ಒಳೀಕೆ ತರ್ಬೇಡ" ಎಂದಿದ್ದ. ಅಂದಿನಿಂದ ಮಂಚಮ್ಮ ಬದನೆಕಾಯಿ ಎಲ್ಲಿಯದು ಎಂದು ಅವನಿಗೆ ಹೇಳುವುದನ್ನೇ ಬಿಟ್ಟಳು. ರುಚಿಯೇ ತಿಳಿಯದ ಗಂಡನಿಗೆ ಹೇಳಿ ಆಗಬೇಕಾದ್ದಾದರೂ ಏನು.

ಇಂಥವನ ಕರುಳು ಒಂದೇ ಕಡೆ ಮೆತ್ತಗಿತ್ತು. ಒಬ್ಬಳೇ ಮಗಳು ಅರುಂಧತಿ. ಅವಳು ಮಗುವಾಗಿದ್ದಾಗ ಹಿತ್ತಿಲ ತೊಟ್ಟಿಯ ಹತ್ತಿರ ಎರಡು ಸಲ ಸೋಪು ಹಚ್ಚಿ ತೊಳೆದುಕೊಳ್ಳದೆ ಅವಳನ್ನು ಎತ್ತಿಕೊಂಡವನಲ್ಲ. ಬದನೆ ಹೊಲದ ಕಡೆ ಅವಳನ್ನು ಸುಳಿಯಲೂ ಬಿಡಲಿಲ್ಲ, ಓದಿಸಿದ, ಮದ್ದೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಪುಟ್ಟರಾಜುವಿಗೆ ಕೊಟ್ಟ. ಮದುವೆಯಾಗಿ ಬಹಳ ಕಾಲ ಮಕ್ಕಳಾಗದೆ, ಎರಡು ಸಲ ನಿಂತದ್ದು ಹೋಗಿ, ಈಗ ಏಳು ತಿಂಗಳು ತುಂಬಿಸಿಕೊಂಡು ಹೆರಿಗೆಗೆಂದು ತೌರಿಗೆ ಬಂದಿದ್ದಳು. ಈ ಸಲವಾದರೂ ಉಳಿಯಲಿ ಎಂಬುದೊಂದೇ ಮನೆಯವರ ಬಾಯಲ್ಲಿ. ಅಂಕಯ್ಯ ಕ್ಯಾನನ್ನು ಮನೆಯೊಳಗೆ ತರುವುದನ್ನೇ ನಿಲ್ಲಿಸಿ ಬೇಲಿಗೆ ನೇತುಹಾಕತೊಡಗಿದ.

ಆ ದಿನಗಳಲ್ಲೇ ಕೆಂಪರಾಜುವಿನ ಒಂದು ಗಾಡಿ ಬದನೆಕಾಯಿಯನ್ನು ಮದ್ದೂರಿನ ವ್ಯಾಪಾರಿ ವಾಪಸು ಕಳಿಸಿದ. ಮೂಟೆ ಬಿಚ್ಚಿ ನಾಲ್ಕು ಕಾಯಿ ಸೀಳಿದನಂತೆ, ನಾಲ್ಕರಲ್ಲೂ ಹುಳ. ಕೆಂಪರಾಜು ಅಂಕಯ್ಯನಿಗಿಂತ ಎಷ್ಟೋ ವರ್ಷ ಚಿಕ್ಕವನು. ಆದರೆ ಅಂಕಯ್ಯ ಎಂದು ಪೂರ್ತಿ ಹೆಸರು ಕರೆದರೆ ತನ್ನ ಜಮೀನು ಒಂದು ಗುಂಟೆ ಕಮ್ಮಿಯಾಗುತ್ತದೆ ಎನ್ನುವ ಹಾಗೆ ಅಂಕ ಎಂದೇ ಕರೆಯುತ್ತಿದ್ದ. ಮೂಟೆಗಳನ್ನೆಲ್ಲ ತೋಟದ ಮನೆಯ ಅಂಗಳಕ್ಕೆ ಸುರಿಸಿ, ಕೆಲಸದ ಹೆಂಗಸರನ್ನೆಲ್ಲ ಸುತ್ತ ನಿಲ್ಲಿಸಿ, ಅವನಿಗೆ ಹೇಳಿಕಳಿಸಿದ.

"ಏನ್ಲಾ ಅಂಕ, ಔಸ್ದಿ ಒಡ್ದಿದ್ಯೋ ನೀರ್ ಒಡ್ದಿದ್ಯೋ?"

"ಔಸ್ದೀನೇ ಗೌಡ್ರೇ. ಒಳೀಕೆ ಓದ ಉಳಕ್ಕೆ ಔಸ್ದಿ ತಾಕಾಕಿಲ್ಲ. ನಿಮ್ಗೂ ಗೊತ್ತಿರೋದೇಯ."

"ನಂಗೇನ್ ಗೊತ್ತು ಅಂತ ನೀ ಏಳ್ಬೇಡ." ಕೆಂಪರಾಜು ಒಂದು ಕಾಯಿ ತೆಗೆದುಕೊಂಡು ಹೆಬ್ಬೆರಳಿನಿಂದ ಎರಡು ಹೋಳು ಮಾಡಿದ. ಒಳಗಿನಿಂದ ಹುಳ ತಲೆಯೆತ್ತಿ ಆಡಿಸಿತು. "ಔಸ್ದಿ ಬಿದ್ದಿದ್ರೆ ಇದು ಸತ್ತಿರ್ಬೇಕಿತ್ತು. ಸತ್ತಿಲ್ಲ. ಅಂದ್ಮೇಲೆ ಔಸ್ದಿ ಬಿದ್ದಿಲ್ಲ. ಬಿದ್ದಿಲ್ಲ ಅಂದ್ಮೇಲೆ ತಿನ್ನಾಕೇನ್ ಭಯ? ತಿನ್ಲಾ."

ಅಂಕಯ್ಯ ನಗಲು ನೋಡಿದ. ಗೌಡ ನಗಲಿಲ್ಲ. "ತಿನ್ನಾಕಿಲ್ಲ ಅಂದ್ರೆ ಬುಡು. ನಾಳಿಂದ ಈ ಸುತ್ತಿನಾಗೆ ಒಬ್ರೂ ನಿನ್ನ ಒಲಕ್ಕೆ ಕರ್ಯಾಕಿಲ್ಲ, ನೋಡ್ಕೋ" ಎಂದ.

ಅಂಕಯ್ಯ ತಿಂದ. ಹಸಿ ಬದನೆಕಾಯಿಯನ್ನು, ಹುಳದ ಸಮೇತ, ನಿಂತುಕೊಂಡೇ ತಿಂದ. ಅವನಿಗೆ ರುಚಿ ತಿಳಿಯದಿದ್ದರೂ ಹಲ್ಲಿನ ನಡುವೆ ಆ ಮೆತ್ತನೆಯದು ಒಡೆದದ್ದು ತಿಳಿಯಿತು. ಮೊದಲು ಕಿಸಕ್ಕೆಂದವಳು ಅವನದೇ ಬೀದಿಯ ಸೋಮಮ್ಮ. ಆಮೇಲೆ ಎಲ್ಲರೂ ನಕ್ಕರು. ಮಂಚಮ್ಮ ಹೆಂಗಸರ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಸುಮ್ಮನೆ ಕಾಯಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಇನ್ನೊಂದು ಕೊಡ್ಲಾ, ಎಂದು ಕೆಂಪರಾಜು ಕೇಳಿದ. ಸಾಕು ಗೌಡ್ರೇ, ಎಂದು ಅಂಕಯ್ಯ ಕೈಮುಗಿದು ಬಂದ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದನೇನೋ, ಅಂಥವು ಎಷ್ಟನ್ನೋ ನುಂಗಿದ್ದವನೇ. ಆದರೆ ಅವನು ಮನೆ ಸೇರುವ ಮೊದಲೇ ಸೋಮಮ್ಮ ಬಂದು ಹೋಗಿದ್ದಳು. ಜಗುಲಿಯಲ್ಲಿ ಕೂತಿದ್ದ ಅರುಂಧತಿ ಅಪ್ಪನನ್ನು ಕಂಡ ಕೂಡಲೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಉಳ ತಿಂದ್ಯಂತೆ, ನಿಜ್ವೇನಪ್ಪ?"

ಅಂಕಯ್ಯ ಟವೆಲಿನಿಂದ ಬಾಯಿ ಒರೆಸಿಕೊಂಡ.

"ನಂಗೆ ಒಟ್ಟೆ ತೊಳಸ್ತದೆ. ಬಾಯ್ ತೊಳ್ಕೊಂಡ್ ಬಾ ಓಗು, ಆಮೇಲ್ ಮಾತಾಡು" ಎಂದು ಅವಳು ಎದ್ದು ಒಳಗೆ ಹೋದಳು. ಬಸುರಿಗೆ ಅಂಥ ಮಾತು ಕೇಳಿದರೆ ಓಕರಿಕೆ ಬರುವುದು ಸಹಜ. ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಅಂಕಯ್ಯನಿಗೆ ಹಾಗೆ ಕಾಣಲಿಲ್ಲ. ತನ್ನ ಮಗಳೂ ಅಂಗಳದಲ್ಲಿ ನಕ್ಕವರ ಸಾಲಿಗೆ ಸೇರಿದಳು, ಸೇರಿಸಿದವನು ಕೆಂಪರಾಜು ಎಂದುಕೊಂಡ. ತೊಟ್ಟಿಯ ಹತ್ತಿರ ಕೂತು ಬಾಯಿ ಮುಕ್ಕಳಿಸಿದ, ಇದ್ದಿಲಿನಲ್ಲಿ ಹಲ್ಲು ಉಜ್ಜಿದ, ಒಸಡಿನಲ್ಲಿ ರಕ್ತ ಬಂದರೂ ಬಿಡದೆ ಉಜ್ಜಿದ.

ಮಾರನೆಯ ವಾರ ಕೆಂಪರಾಜುವಿನ ಹೊಲಕ್ಕೇ ಮತ್ತೆ ಕರೆ ಬಂತು. ಗೌಡನಿಗೆ ನಾಚಿಕೆ ಎಲ್ಲಿಯದು. ಬೆಳಿಗ್ಗೆ ಇಬ್ಬನಿ ಆರುವ ಹೊತ್ತಿಗೆ ಅಂಕಯ್ಯ ಹೋದ. ಗೌಡ ತಂದಿಟ್ಟಿದ್ದ ಡಬ್ಬವನ್ನು ಮೂಸಿ ನೋಡುವ ಶಕ್ತಿ ಅವನಿಗಿರಲಿಲ್ಲ, ಅದರ ಮೇಲಿನ ಕೆಂಪು ಗುರುತು ನೋಡಿಯೇ ಎಂಥ ಕಡುವಿಷವೆಂದು ಗೊತ್ತಾಗುತ್ತಿತ್ತು. ನೇರಳೆ ಸಾಲುಗಳನ್ನೆಲ್ಲ ಹೊಡೆದು ಮುಗಿಸಿದ. ಮನೆಸಾಲು ಬಂತು. ಗುಂಡಿ ಬಿಡಲಿಲ್ಲ. ಹಸಿರು ಕಾಯಿಗಳ ಮೇಲೆ ಆ ಕಡೆಯಿಂದ ಈ ಕಡೆಯವರೆಗೂ ಹೊಡೆದ. ತುದಿ ಮುಟ್ಟಿದವನು ಸುತ್ತ ನೋಡಿ, ಕ್ಯಾನಿನಲ್ಲಿ ಉಳಿದದ್ದಕ್ಕೆ ಇನ್ನಷ್ಟು ಔಷಧಿ ಸುರಿದು, ಎಲೆಯಿಂದ ತೊಟ್ಟಿಕ್ಕುವ ಹಾಗೆ ಇನ್ನೊಂದು ಸಲ ಹೊಡೆದ.

ಅವರು ಸಾಯಲಿ ಎಂದೇನೂ ಅಂದುಕೊಂಡಿರಲಿಲ್ಲ. ಮನೆಮಂದಿಯೆಲ್ಲ ವಾಂತಿ ಮಾಡಿಕೊಳ್ಳಲಿ, ಔಷಧಿಯೋ ನೀರೋ ಎಂದು ಆಗ ತಿಳಿಯುತ್ತದೆ, ಎಂದುಕೊಂಡ. ಆ ಮನೆಯಲ್ಲಿ ಚಿಕ್ಕಬೋರಮ್ಮ ಎಂಬ ಮುದುಕಿಯಿದ್ದಾಳೆ, ಇನ್ನೂ ಶಾಲೆಗೆ ಸೇರದ ಗಗನ ಎಂಬ ಹುಡುಗಿಯಿದ್ದಾಳೆ ಎಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೇ ಹೊಡೆದ. ಎಷ್ಟೋ ಕಾಲದ ಮೇಲೆ ಮೈ ಹಗುರಾದಂತಾಗಿ, ಕ್ಯಾನು ತೊಳೆದು ಮುಂದಿನ ಊರಿನ ಕೆಲಸಕ್ಕೆ ಟಿವಿಎಸ್ ಹತ್ತಿ ಹೋದ.

ಅವನಿಗೆ ಗೊತ್ತಿಲ್ಲದ್ದು ಬೇರೆಯೇ ಇತ್ತು. ಮಂಚಮ್ಮ ಇಷ್ಟು ವರ್ಷ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದದ್ದು ಮಾರುವ ಸಾಲಿನ ಹುಳಕಲನ್ನಲ್ಲ. ಕೆಂಪರಾಜುವಿನ ತಾಯಿ ಚಿಕ್ಕಬೋರಮ್ಮ ಮನೆಸಾಲಿನಲ್ಲೇ ಕಿತ್ತುಕೊಡುತ್ತಿದ್ದಳು. ಮುದುಕಿಯೇನು ದೇವತೆಯಲ್ಲ, ಕೈಗೆ ಕೈ ತಾಗದ ಹಾಗೆ ಮೇಲಿನಿಂದಲೇ ಮಂಚಮ್ಮನ ಮಡಿಲಿಗೆ ಹಾಕುತ್ತಿದ್ದಳು. ಆದರೂ ಹಾಕುತ್ತಿದ್ದಳು. ಅರುಂಧತಿ ಬಸುರಿಯಾಗಿ ಬಂದ ಮೇಲಂತೂ ಕಟ್ಟುನಿಟ್ಟಾಗಿ ಹೇಳಿದ್ದಳು, "ಆ ಮಾರೋ ಕಾಯ ಮಗೀಗೆ ತಿನ್ನುಸ್ಬೇಡ ಕಣಮ್ಮಿ. ವಿಸ ಅದು. ಬೇಕಾದಾಗ ಮನೆಸಾಲ್ನಾಗೇ ಕಿತ್ಕೊ, ನನ್ನ ಕೇಳಾಕ್ ಬರ್ಬೇಡ."

ಅವತ್ತು ಮಂಚಮ್ಮ ಹೊಲಕ್ಕೆ ಬರುವಷ್ಟರಲ್ಲಿ ಬಿಸಿಲೇರಿ ಎಲೆಗಳು ಒಣಗಿದ್ದವು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಎಳೆಯ ಹಸಿರು ಕಾಯಿಗಳನ್ನು ನೋಡಿ ನೋಡಿ ಕಿತ್ತಳು. ಎಳೆ ಬದನೆಕಾಯಿಗೆ ಉಪ್ಪು ಒತ್ತಿಕೊಂಡು ಹಸಿಯಾಗಿ ತಿನ್ನುವುದು ಮಗಳ ಬಯಕೆಯಾಗಿತ್ತು, ಬೇಡವೆಂದರೆ ಅತ್ತುಬಿಡುತ್ತಿದ್ದಳು. ಮಂಚಮ್ಮ ಮನೆಗೆ ಬಂದು ತಟ್ಟೆಗೆ ಕಾಯಿ ಹಾಕಿ, ಪಕ್ಕಕ್ಕೆ ಉಪ್ಪು ಬಡಿಸಿ, ಮಗಳ ಮುಂದಿಟ್ಟು ಕೆಲಸಕ್ಕೆ ವಾಪಸು ಹೋದಳು.

ಸಂಜೆಗೆ ಮೊದಲೇ ಅಂಕಯ್ಯ ಮನೆಗೆ ಬಂದ. ತೊಟ್ಟಿಯ ಹತ್ತಿರ ತೊಳೆದುಕೊಳ್ಳುತ್ತಿದ್ದಾಗ ಒಳಗಿನಿಂದ ವಾಂತಿ ಮಾಡುವ ಸದ್ದು, ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಮಂಚಮ್ಮನ ಗಾಬರಿಯ ದನಿ ಕೇಳಿತು. ಓಡಿ ಒಳಗೆ ಬಂದ. ಅರುಂಧತಿ ಗೋಡೆಗೆ ಒರಗಿದ್ದಳು, ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಹಣೆಯೆಲ್ಲ ಬೆವರು. ಅವಳ ಪಕ್ಕದಲ್ಲಿ ತಟ್ಟೆ. ತಟ್ಟೆಯಲ್ಲಿ ಕಚ್ಚಿ ಬಿಟ್ಟ ಹಸಿರು ಪಟ್ಟೆಯ ಬದನೆಕಾಯಿ.

"ಇದೆಲ್ಲಿಂದ ಬಂತಮ್ಮಿ?"

"ಗೌಡ್ರ ಮನೆಸಾಲ್ದು. ಚಿಕ್ಕಬೋರವ್ವ ಕೊಡ್ತದೆ, ನಿಂಗ್ ಏಳಿರ್ನಿಲ್ಲ." ಮಂಚಮ್ಮ ಮಗಳ ಬೆನ್ನು ನೀವುತ್ತಲೇ ಹೇಳಿದಳು. "ಕಾಯಿಂದೇನೂ ಆಗಿಲ್ಲ ಬುಡು. ಔಸ್ದಿ ಮುಟ್ಸದ ಕಾಯಿ ಅಂತ ನಾನು ತೊಳೀನೂ ಇಲ್ಲ."

ಅಂಕಯ್ಯ ತಟ್ಟೆಯನ್ನು ಕಾಲಿನಿಂದ ದೂರ ತಳ್ಳಿದ. ಏನೂ ಹೇಳದೆ ಓಡಿದ. ಹತ್ತಿರದಲ್ಲಿ ಕಾರಿದ್ದದ್ದು ಕೆಂಪರಾಜುವಿನ ಮನೆಯಲ್ಲಿ, ಅಲ್ಲಿಗೇ ಓಡಿದ. ಗೌಡ ಚಪ್ಪಲಿ ಕೂಡ ಹಾಕಿಕೊಳ್ಳದೆ ಬಂದು ಕಾರು ತೆಗೆದ. ಮನುಷ್ಯರು ಒಂದೇ ತೆರನಾಗಿ ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು.

ಮಳವಳ್ಳಿಯ ಒಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಏನು ತಿಂದಳು ಎಂದು ಕೇಳಿದರು. ಮಂಚಮ್ಮ ಹೇಳಿದಳು. ಔಷಧಿ ಹೊಡೆದದ್ದಾ ಎಂದು ಡಾಕ್ಟರು ಕೇಳಿದರು.

"ನಮ್ ಮನೆಸಾಲ್ಗೆ ಔಸ್ದಿ ಒಡ್ಸಾಕಿಲ್ಲ ಸಾ. ನಮ್ ಮಗೀನೇ ತಿಂತದೆ ಅದ" ಎಂದ ಕೆಂಪರಾಜು. "ಒಡ್ಯೋನೇ ಇಲ್ ನಿಂತವ್ನೆ, ಬೇಕಾರೆ ಕೇಳಿ."

ಡಾಕ್ಟರು ಅಂಕಯ್ಯನ ಕಡೆ ತಿರುಗಿದರು. ಮಂಚದ ಮೇಲೆ ಅರುಂಧತಿ ಕಣ್ಣು ಮುಚ್ಚಿ ನರಳುತ್ತಿದ್ದಳು. ಹೇಳಿದರೆ ಈ ಗೌಡ ಇಲ್ಲೇ ಕುತ್ತಿಗೆ ಹಿಡಿಯುತ್ತಾನೆ, ಪೊಲೀಸು, ಜೈಲು, ಊರು ಬಿಡಿಸುತ್ತಾರೆ. ಒಂದೆರಡು ಕಾಯಿಗೆ ಏನಾಗುತ್ತದೆ, ವಾಂತಿಯಾದರೆ ಹೊರಟುಹೋಗುತ್ತದೆ, ಗ್ಲೂಕೋಸು ಹಾಕಿದರೆ ಎದ್ದು ಕೂರುತ್ತಾಳೆ. ಇಷ್ಟೂ ಅವನ ತಲೆಯಲ್ಲಿ ಒಂದೇ ಉಸಿರಿಗೆ ಓಡಿತು.

"ಒಡ್ಯಾಕಿಲ್ಲ ಸಾ" ಎಂದ.

ಡಾಕ್ಟರು ಊಟ ವಿಷವಾಗಿರಬೇಕು ಎಂದು ಅದಕ್ಕೆ ತಕ್ಕ ಚಿಕಿತ್ಸೆ ಮಾಡಿದರು. ಅರುಂಧತಿ ಎದ್ದು ಕೂರಲಿಲ್ಲ. ಕೈಕಾಲು ಅದುರತೊಡಗಿ ಉಸಿರು ಗೊರಗೊರ ಎನ್ನತೊಡಗಿದಾಗ ಆಂಬುಲೆನ್ಸಿಗೆ ಹಾಕಿ ಮಂಡ್ಯಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಮಂಚಮ್ಮ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು, ಒದೀತಾ ಅದೆ, ಒದೀತಾ ಅದೆ, ಎನ್ನುತ್ತಿದ್ದಳು. ಆಮೇಲೆ ಹಾಗೆನ್ನುವುದನ್ನು ನಿಲ್ಲಿಸಿದಳು. ಅಂಕಯ್ಯ ಎದುರಿಗೇ ಕೂತಿದ್ದ.

ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅರುಂಧತಿಯ ರೆಪ್ಪೆ ಬಿಡಿಸಿ ಟಾರ್ಚು ಬಿಟ್ಟು, ಸೂಜಿಮೊನೆಯಷ್ಟಾಗಿದ್ದ ಪಾಪೆ ನೋಡಿದವರೇ, ಇದು ಕ್ರಿಮಿನಾಶಕ, ಎಂದರು. ಮೋಟಾರ್‌ಸೈಕಲ್ಲಿನಲ್ಲಿ ಮದ್ದೂರಿನಿಂದ ಓಡಿಬಂದಿದ್ದ ಅಳಿಯ ಪುಟ್ಟರಾಜು, ಕಾರಿನಲ್ಲಿ ಹಿಂದೆಯೇ ಬಂದಿದ್ದ ಕೆಂಪರಾಜು, ಎಲ್ಲರೂ ಅಲ್ಲೇ ನಿಂತಿದ್ದರು. ಇಲ್ಲ ಎಂದು ಕೆಂಪರಾಜು ಮತ್ತೆ ಶುರುಮಾಡಿದ. ಆಗ ಅಂಕಯ್ಯ ಔಷಧಿಯ ಹೆಸರು ಹೇಳಿದ. ಎಷ್ಟು ಬೆರೆಸಿದ್ದ, ಯಾವ ಹೊತ್ತಿಗೆ ಹೊಡೆದ, ಎಲ್ಲ ಹೇಳಿದ.

"ಇದನ್ನ ಮಳವಳ್ಳಿಯಲ್ಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದ ಡಾಕ್ಟರಮ್ಮ ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಕೆಂಪರಾಜುವಿಗೆ ವಿಷಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದ ಕೂಡಲೇ ಫೋನು ತೆಗೆದು, ಮನೆಗೆ ಮಾಡಿ, ಬದನೆಕಾಯಿ ಒಲೆ ಮೇಲಿದ್ದರೆ ಇಳಿಸು ಎಂದು ಹೆಂಡತಿಗೆ ಕೂಗಿ ಹೇಳಿದ. ಅವತ್ತು ಅವರ ಮನೆಯಲ್ಲಿ ಸೊಪ್ಪಿನ ಸಾರು. ಫೋನು ಜೇಬಿಗಿಟ್ಟು ಅಂಕಯ್ಯನ ಹತ್ತಿರ ಬಂದು ನಿಂತ. ಹೊಡೆಯುತ್ತಾನೆ ಎಂದುಕೊಂಡು ಅಂಕಯ್ಯ ಮುಖ ತಗ್ಗಿಸಿದ. ಹೊಡೆಯಲಿಲ್ಲ.

"ನಿನ್ ಮೈ ಮುಟ್ಟಾಕೂ ಅಸಹ್ಯ ಕಣ್ಲಾ. ಪೊಲೀಸ್ನೋರ್ ಬತ್ತರೆ, ಅದ್ ಆಮೇಲಿಂದು. ನಿನ್ ಮಗಳು ಕಣ್ ಬುಟ್ರೆ ನೀನೇ ಏಳ್ಬೇಕು ಅವ್ಳಿಗೆ. ನೀ ಏಳ್ದೆ ಓದ್ರೆ ನಾ ಏಳ್ತೀನಿ, ನಕ್ಕೊಂಡ್ ಏಳ್ತೀನಿ."

ಮಗು ಉಳಿಯಲಿಲ್ಲ. ಗಂಡು. ಹೊಟ್ಟೆಯಲ್ಲೇ ಹೋಗಿತ್ತು, ತೆಗೆದರು. ಪುಟ್ಟರಾಜು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಒಬ್ಬನೇ ಮದ್ದೂರಿಗೆ ಒಯ್ದು ಮಣ್ಣು ಮಾಡಿ ಬಂದ. ನಾನೂ ಬತ್ತೀನಿ ಎಂದ ಮಾವನ ಕಡೆ ತಿರುಗಿಯೂ ನೋಡಲಿಲ್ಲ.

ಅರುಂಧತಿ ಬದುಕಿದಳು. ಮಾತಾಡುವಷ್ಟು ಚೇತರಿಸಿಕೊಂಡ ದಿನ ಅಂಕಯ್ಯ ವಾರ್ಡಿನೊಳಗೆ ಹೋಗಿ ಅವಳ ಕಾಲ ಹತ್ತಿರ ನಿಂತ. ಹೊರಗೆ ಇಬ್ಬರು ಪೊಲೀಸರು ಬೆಂಚಿನ ಮೇಲೆ ಕೂತಿದ್ದರು. ಹೊಡೆದದ್ದು ನಾನೇ ಎಂದ. ಗೌಡ ಅಂಗಳದಲ್ಲಿ ಹುಳ ತಿನ್ನಿಸಿದ್ದು, ಅವಳು ಜಗುಲಿಯಿಂದ ಎದ್ದು ಹೋದದ್ದು, ಎಲ್ಲವನ್ನೂ ಒಂದರ ಹಿಂದೆ ಒಂದು ಹೇಳುತ್ತ ಹೋದ. ಅವಳು ಮೇಲಿನ ಫ್ಯಾನು ನೋಡುತ್ತಾ ಕೇಳಿಸಿಕೊಂಡಳು. ಮುಗಿಸಿದ ಮೇಲೆ ಒಂದೇ ಕೇಳಿದಳು.

"ಮಳವಳ್ಳೀಲಿ ಡಾಕ್ಟ್ರು ಕೇಳ್ದಾಗ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ, ಅಲ್ವಾ?"

"ಊಂ."

"ಕಣ್ಣು ಬುಡಾಕಾಯ್ತಿರ್ಲಿಲ್ಲ ನಂಗೆ. ಕಿವಿ ಕೇಳುಸ್ತಿತ್ತು."

ಅಂಕಯ್ಯ ಮಂಚದ ಕಬ್ಬಿಣ ಹಿಡಿದುಕೊಂಡ. "ಮಗಾ" ಎಂದ.

ಅವಳು ಅವನ ಕಡೆ ನೋಡಲಿಲ್ಲ. ತಲೆದಿಂಬಿನ ಮೇಲೆಯೇ ಮುಖ ತಿರುಗಿಸಿ ತಾಯಿಯನ್ನು ಕರೆದಳು. "ಅವ್ವ, ಆವಯ್ಯನ್ನ ಆಚೆಗ್ ಕಳ್ಸು."

ಮಂಚಮ್ಮ ಎದ್ದು ಬಾಗಿಲು ತೆರೆದು ಹಿಡಿದಳು.